ತಿರುವದ ಹಾಳೆ

ಅನಗೋಳದ ಬಸಲಿಂಗಪ್ಪನ ಮನೆಯಲ್ಲಿ ಮತ್ತೆ ಹಾಲು ಉಕ್ಕಿತು. ಉಕ್ಕಿದ ಹಾಲು ಸ್ಟೋವಿನ ಮೇಲೆ ಸುರಿದು, ಉರಿ ಆರಿ, ಅಡುಗೆಮನೆ ತುಂಬ ಸುಟ್ಟ ಹಾಲಿನ ವಾಸನೆ ಹರಡಿದರೂ ಅಲ್ಲೇ ಎದುರಿಗೆ ಕೂತಿದ್ದ ಶಿವಬಸವ್ವನಿಗೆ ಅದರ ಪರಿವೆಯೇ ಇಲ್ಲ. ಆಕೆಯ ತೊಡೆಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಬೆರಳು, ಮೂಗಿನ ಮೇಲೆ ಗಂಡನ ಹಳೆಯ ಚಾಳೀಸು. ಚಾಳೀಸಿನ ಒಂದು ಕಡ್ಡಿ ಮುರಿದಿದ್ದರಿಂದ ಅದರ ಬದಲು ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದಳು.

"ಅತ್ತೀ, ಹಾಲು!" ಎನ್ನುತ್ತ ಸೊಸೆ ಭರಮವ್ವ ಹಿತ್ತಿಲಿನಿಂದ ಓಡಿ ಬಂದಳು.

"ತಡೀ, ಒಂದ ಸಾಲು ಉಳದೈತಿ."

"ಸಾಲು ಎಲ್ಲಿ ಓಡಿ ಹೊಕ್ಕೈತ್ರೀ? ಹಾಲು ಓಡಿ ಹೋತಲ್ಲ!"

"ಏನದು ವಾಸನಿ?" ಎಂದು ಪಡಸಾಲೆಯಿಂದ ಬಸಲಿಂಗಪ್ಪ ಕೂಗಿದ.

"ಆಯಿ ಓದಾಕತ್ತಾಳ!" ಎಂದಳು ಮೊಮ್ಮಗಳು ಶಾಂತಾ. ಆ ಮನೆಯಲ್ಲಿ ಈಗೀಗ ಎಲ್ಲ ಅನಾಹುತಕ್ಕೂ ಅದೊಂದೇ ಉತ್ತರವಾಗಿತ್ತು.

ಶಿವಬಸವ್ವ ಅಕ್ಷರ ಕಲಿತದ್ದೇ ಹಿಂದಿನ ವರ್ಷ, ಎಂಬತ್ತನೆಯ ಇಸವಿಯಲ್ಲಿ, ವಯಸ್ಸು ಐವತ್ತು ದಾಟಿದ ಮೇಲೆ. ಮಠದ ಪಡಸಾಲೆಯಲ್ಲಿ ಮಧ್ಯಾಹ್ನ ದೊಡ್ಡವರಿಗೆ ಓದು ಕಲಿಸುತ್ತಾರೆಂದು ಓಣಿಯ ಹೆಂಗಸರೆಲ್ಲ ಹೊರಟಾಗ ತಾನೂ ಹೊರಟಳು. ಓಣಿಯವರು ಒಬ್ಬೊಬ್ಬರಾಗಿ ನೆಪ ಹೇಳಿ ಬಿಟ್ಟರು, ಈಕೆ ಬಿಡಲಿಲ್ಲ. ಕಲಿಸುವವಳು ಸುಹಾಸಿನಿ ಎಂಬ ಹುಡುಗಿ. ಕೋಟೆಯ ಕಡೆ ಮನೆ, ಮನೆಯೊಳಗೆ ಮರಾಠಿ, ಹೊರಗೆ ಬಂದರೆ ಕನ್ನಡ, ಎರಡರಲ್ಲೂ ನಗುವುದು ಮಾತ್ರ ಒಂದೇ ಥರ. ಪಾಠದ ಪುಸ್ತಕ ಮುಗಿದ ದಿನ ಸುಹಾಸಿನಿ "ಹ್ಯಾಂಗ ಅನಿಸ್ತು ಶಿವಬಸವ್ವಾರ?" ಎಂದು ಕೇಳಿದಳು.

"ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಇದರಾಗ ಕಮಲಾ ನೀರು ತರತಾಳ, ಬಸವ ಹೊಲಕ್ಕ ಹೋಗತಾನ. ಆಮ್ಯಾಲ ಏನೂ ಆಗೂದ ಇಲ್ಲ. ಏನರ ಆಗೂವಂಥಾ ಪುಸ್ತಕ ಕೊಡ್ರಿ."

ಸುಹಾಸಿನಿ ತನ್ನ ಹೆಸರಿನ ಮೇಲೆ ಲೈಬ್ರರಿಯಿಂದ ಒಂದು ದಪ್ಪ ಕಾದಂಬರಿ ತಂದುಕೊಟ್ಟಳು. ಎಷ್ಟೋ ಕೈ ದಾಟಿ ಬಂದ ಪುಸ್ತಕ. ಮುಖಪುಟ ಹೋಗಿ ನೀಲಿ ರಟ್ಟು ಬಂದಿತ್ತು, ಹೆಸರಿದ್ದ ಹಾಳೆಯೂ ಹರಿದುಹೋಗಿತ್ತು. ಶಿವಬಸವ್ವನಿಗೆ ಹೆಸರಿನಿಂದ ಆಗಬೇಕಾದದ್ದೇನೂ ಇರಲಿಲ್ಲ.

ಮನೆಯವರಿಗೆ ಮಾತ್ರ ಇದು ನುಂಗಲಾರದ ತುತ್ತಾಯಿತು. ಓದುವುದೆಂದರೆ ಪರೀಕ್ಷೆಗೆ ಓದುವುದು, ಇಲ್ಲವೆ ಶ್ರಾವಣದಲ್ಲಿ ಪುರಾಣ ಓದುವುದು. ಬೇರೆ ಓದು ಆ ಮನೆಗೆ ಗೊತ್ತಿರಲಿಲ್ಲ. ಖಡೇಬಜಾರಿನಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದ ಮಗ ಗುರುಪುತ್ರಪ್ಪ ಊಟಕ್ಕೆ ಕೂತಾಗ ಮಾತು ತೆಗೆದ.

"ಅವ್ವಾ, ಓದೂದ ಆದ್ರ ಪುರಾಣರ ಓದು. ಪುಣ್ಯಾ ಬರತೈತಿ. ಈ ಕಾದಂಬರಿ ಓದಿದ್ರ ಏನ ಬರತೈತಿ?"

"ಏನೂ ಬರಂಗಿಲ್ಲ. ಛಂದ ಅನಸ್ತೈತಿ."

"ಛಂದ ಅನಸ್ತೈತಿ ಅಂದ್ರ?"

"ನೀ ಅಂಗಡಿ ಬಿಟ್ಟು ಹೊಟೆಲಿಗೆ ಹೋಗಿ ಭಜಿ ತಿಂದು ಬರತಿಯಲ್ಲ, ಅದರಿಂದ ಏನ ಬರತೈತಿ?"

ಗುರುಪುತ್ರಪ್ಪ ಝುಣಕದ ಕಡೆ ಕೈ ಚಾಚಿದ. ಭರಮವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಐದನೆಯ ತರಗತಿಯ ಶಾಂತಾ ನಡುವೆ ಬಾಯಿ ಹಾಕಿದಳು.

"ಆಯಿ, ನೀ ಒಂದು ಹಾಳಿ ಓದೂದ್ರಾಗ ನಾ ಪೂರಾ ಪುಸ್ತಕ ಮುಗಸ್ತೀನಿ. ಮುಗಿಸಿ ಕತಿ ಹೇಳ್ಲೇನು?"

"ನೀ ಉಂಡು ಬಂದು ನನ್ನ ಹೊಟ್ಟಿ ತುಂಬತಂತ ಹೇಳ್ತಿಯೇನ?"

"ಮಕ್ಕಳ ಕೂಡ ಏನ ವಾದಾ," ಎಂದ ಬಸಲಿಂಗಪ್ಪ. "ಕೊಡು ಇತ್ತ. ನಾಕ ದಿನದಾಗ ನಾ ಓದಿ ಹೇಳತೀನಿ. ಸುಮ್ಮಕ ಯಾಕ ಕಣ್ಣ ಹಾಳ ಮಾಡ್ಕೋತಿ?"

"ಕಣ್ಣ ನನ್ನವು," ಎಂದಳು ಶಿವಬಸವ್ವ.

ಬಸಲಿಂಗಪ್ಪನಿಗೆ ನೋವಾದದ್ದು ನಿಜ. ಆ ಸಂಸಾರದಲ್ಲಿ ಓದುವವನೆಂದರೆ ಆತನೇ. ಖಾನಾಪುರದ ಕಟ್ಟಿಗೆ ಅಡ್ಡೆಯಲ್ಲಿ ಕಾರಕೂನನಾಗಿದ್ದಾಗ ದೀಪ ಹಚ್ಚಿದ ಮೇಲೆ ಪಡಸಾಲೆಯ ಕಂಬಕ್ಕೊರಗಿ ಕೂತು ವಾರಪತ್ರಿಕೆ ಓದಿ ಹೇಳುತ್ತಿದ್ದ. ಹೆಂಡತಿ ಅಕ್ಕಿ ಆರಿಸುತ್ತ, ಮಗಳು ಚಂದ್ರವ್ವ ಕಾಯಿಪಲ್ಲೆ ಸೋಸುತ್ತ, ಬಾಜು ಮನೆಯ ಕೃಷ್ಣಾಬಾಯಿ ದೀಪದ ಬತ್ತಿ ಹೊಸೆಯುತ್ತ ಕೇಳುವುದು. "ಕೇಳಾವ್ರ ಕೈ ಖಾಲಿ ಇರಬಾರ್ದು" ಎಂಬುದು ಆತನ ಕಟ್ಟಳೆ. ಗಂಟಲು ಒಳ್ಳೆಯದಿತ್ತು. ಅಳುವ ಕಡೆ ಅಳಿಸುತ್ತಿದ್ದ, ನಗುವ ಕಡೆ ನಗಿಸುತ್ತಿದ್ದ. ಆ ಓಣಿಯಲ್ಲಿ ಹಾಗೆ ಹೆಂಡತಿಗೆ ಓದಿ ಹೇಳುವ ಗಂಡ ಇನ್ನೊಬ್ಬನಿರಲಿಲ್ಲ, ಶಿವಬಸವ್ವನಿಗೆ ಅದರ ಹೆಮ್ಮೆಯೂ ಇತ್ತು.

ಆದರೆ ಕೇಳುವಾಗ ಮಾತುಗಳು ಮೋಟಾರಿನ ಹಾಗೆ ಮುಂದೆ ಹೋಗುತ್ತಿದ್ದವು, ತನಗೆ ಬೇಕಾದಲ್ಲಿ ಇಳಿಯಲು ಬರುತ್ತಿರಲಿಲ್ಲ. ಈಗ ನಿಲ್ಲಲು ಬರುತ್ತದೆ ಎಂಬುದೇ ಆಕೆಗೆ ದೊಡ್ಡ ಸುಖ. ಕಾದಂಬರಿಯ ಆರಂಭದಲ್ಲಿ ಪುಟ್ಟಿ ಎಂಬ ಹುಡುಗಿ ಹೊಸ್ತಿಲ ಮೇಲೆ ಕೂತು ತಂಗಳ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ತಿನ್ನುವ ಒಂದು ಸಾಲಿತ್ತು. ಕಥೆಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಶಿವಬಸವ್ವ ಆ ಸಾಲಿನಲ್ಲಿ ಒಂದಿಡೀ ಮಧ್ಯಾಹ್ನ ಕೂತಳು. ಓದಿದಳು, ಬೆರಳು ಹಿಂದೆ ತಂದಳು, ಮತ್ತೆ ಓದಿದಳು. ಯಾರೂ ಮುಂದೆ ನಡೆ ಎನ್ನಲಿಲ್ಲ. ತನ್ನ ಜೀವನದಲ್ಲಿ ಯಾರೂ ಅವಸರ ಮಾಡದ ಕೆಲಸ ಇದೊಂದೇ ಎಂದು ಆಕೆಗೆ ಅನ್ನಿಸಿತು.

ಸೊಸೆಯೊಡನೆ ಒಪ್ಪಂದವಾಯಿತು. ಮುಂಜಾನೆಯ ರೊಟ್ಟಿ, ಪಲ್ಯ, ಹಿತ್ತಿಲ ಕೆಲಸ ಎಲ್ಲ ಅತ್ತೆಯದು. ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲೆ ಚಹದ ಹೊತ್ತಿನವರೆಗೆ ಆಕೆಯನ್ನು ಯಾರೂ ಕರೆಯಕೂಡದು. "ಮನಿಗೆ ಬೆಂಕಿ ಬಿದ್ರ?" ಎಂದು ಭರಮವ್ವ ಕೇಳಿದಳು. "ನೀರು ಹಾಕು," ಎಂದಳು ಶಿವಬಸವ್ವ.

ಹಾಗೆ ಕೆಲವು ವಾರ ಕಳೆಯಿತು. ಪುಟ್ಟಿ ದೊಡ್ಡವಳಾದಳು, ಮದುವೆ ಗೊತ್ತಾಯಿತು. ಅಕ್ಕಿಕಾಳು ಹಾಕುವ ದಿನ ಪುರೋಹಿತರು ಅವಳ ಪೂರ್ತಿ ಹೆಸರು ಕೇಳಿದರು. ಅಕ್ಷರ ಕೂಡಿಸುತ್ತಿದ್ದ ಶಿವಬಸವ್ವನ ಬೆರಳು ಅಲ್ಲೇ ನಿಂತಿತು. ತುಂ, ಗಾ. ಆಕೆ ಪುಸ್ತಕ ಹಿಡಿದುಕೊಂಡೇ ಪಡಸಾಲೆಗೆ ಓಡಿದಳು. ಬಸಲಿಂಗಪ್ಪ ಬಶಿಯಲ್ಲಿ ಚಹ ಸುರಿದುಕೊಂಡು ಊದುತ್ತಿದ್ದ.

"ಏನ್ರೀ, ಈಕಿ ನಮ್ಮ ತುಂಗಾ! ಖಾನಾಪುರದಾಗ ನೀವ ಓದಿ ಹೇಳಿದ್ರಲ್ಲ, ಆ ತುಂಗಾ! ಅವಾಗ ನಾವು ಅರ್ಧದಿಂದ ಕೇಳಿದ್ವಿ. ಆಕಿ ಸಣ್ಣಾಕಿದ್ದಾಗಿಂದು ಎಲ್ಲಾ ಇದರಾಗ ಐತಿ."

ಬಸಲಿಂಗಪ್ಪ ಬಶಿ ಕೆಳಗಿಟ್ಟ. ಚಹ ಕಟ್ಟೆಯ ಮೇಲೆ ಚೆಲ್ಲಿತು.

"ಗೊತ್ತಿದ್ದ ಕತಿ ಮತ್ತ ಯಾಕ ಓದತಿ?" ಎಂದ. "ಕಡೀಕ ಗಂಡನ ಮನಿಗೆ ಹೋಗತಾಳ, ಆರತಿ ಎತ್ತಿ ಒಳಗ ಕರಕೋತಾರ. ಮುಗೀತು. ವಾಪಸ್ ಕೊಡು, ಬ್ಯಾರೆ ತರೂಣು."

"ದಿನಾ ರೊಟ್ಟಿ ತಿಂತೀರಿ, ರುಚಿ ಗೊತ್ತಿಲ್ಲೇನು ನಿಮಗ?"

ಆ ಕಥೆಯನ್ನು ಆ ಮನೆಯವರು ಮರೆಯುವಂತಿರಲಿಲ್ಲ. ಹದಿನಾರು ವರ್ಷದ ಹಿಂದಿನ ಮಾತು. ಚಂದ್ರವ್ವನಿಗೆ ಹದಿನೆಂಟು ವರ್ಷ, ಮದುವೆಯಾಗಿ ವರ್ಷವಾಗಿರಲಿಲ್ಲ. ಖಾನಾಪುರದಲ್ಲೇ ಹೊಳೆಯ ಕಡೆಗೆ ಹಿಟ್ಟಿನ ಗಿರಣಿಯವರ ಮನೆಗೆ ಕೊಟ್ಟಿದ್ದರು. ಮದುವೆಗೆ ಮೊದಲು ಮಾಸ್ತರಿಕೆಯ ತರಬೇತಿಗೆ ಅರ್ಜಿ ಹಾಕಿದ್ದಳು. ಮದುವೆಯಾದ ಮೇಲೆ ಕರೆ ಬಂತು, ಅತ್ತೆಮನೆಯವರು ಕಳಿಸುವುದಿಲ್ಲ ಎಂದರು. ಹುಡುಗಿ ಬಟ್ಟೆಯ ಗಂಟು ಹಿಡಿದು ತವರಿಗೆ ಬಂದು ಕೂತಳು. "ಕಲಿತು ಮುಗಿಸೇ ಆ ಮನಿ ಮೆಟ್ಟಲಾ ಏರತೀನಿ" ಎಂದಳು. ಬಸಲಿಂಗಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ದಿನದ ಹಾಗೆ ಸಂಜೆ ಓದಿದ. ಕಥೆಯ ತುಂಗಾಳೂ ಆಗ ಗಂಡನ ಮನೆ ಬಿಟ್ಟು ತವರಿನಲ್ಲಿ ಕೂತಿದ್ದಳು. ಕೊನೆಯ ಕಂತಿನಲ್ಲಿ ಅವಳನ್ನು ಕರೆಯಲು ಗಾಡಿ ಬಂತು. ತುಂಗಾ ಏರಿದಳು, ಗಂಡನ ಮನೆಯ ಬಾಗಿಲಲ್ಲಿ ಅತ್ತೆ ಆರತಿ ಹಿಡಿದು ನಿಂತಿದ್ದಳು, ಎಲ್ಲರೂ ಅತ್ತರು. ಖಾನಾಪುರದ ಪಡಸಾಲೆಯಲ್ಲೂ ಎಲ್ಲರೂ ಅತ್ತರು. ಕೃಷ್ಣಾಬಾಯಿ ಹೊಸೆದ ಬತ್ತಿಗಳೆಲ್ಲ ಅಂದು ಒದ್ದೆಯಾದವು. ಮುಂದಿನ ಸೋಮವಾರ ಚಂದ್ರವ್ವ ತಾನಾಗಿಯೇ ಗಂಟು ಕಟ್ಟಿಕೊಂಡು ಗಿರಣಿಯ ಮನೆಗೆ ಹೋದಳು.

ಈಗ ಅದೇ ತುಂಗಾ ಸಿಕ್ಕ ಮೇಲೆ ಬಸಲಿಂಗಪ್ಪನ ಕಿರುಕುಳ ಶುರುವಾಯಿತು. ಮೊದಲು ಚಾಳೀಸು ಕೇಳಿದ.

"ಹೊಸಾದು ಐತಲ್ಲ ನಿಮಗ?"

"ಹೊಸಾದರಾಗ ತಲಿ ತಿರಗತೈತಿ. ಹಳೇದ ಬೇಕು."

ಶಿವಬಸವ್ವ ಕೊಟ್ಟಳು. ಹೊಸ ಚಾಳೀಸನ್ನು ತಾನು ಹಾಕಿಕೊಂಡಳು. ಅದು ಇನ್ನೂ ಚೆನ್ನಾಗಿ ಕಂಡಿತು. ಎರಡು ದಿನ ದಾರದ ಚಾಳೀಸು ಸುತ್ತಿಕೊಂಡು ಓಣಿಯಲ್ಲಿ ತಿರುಗಿ ನಗೆಪಾಟಲಾದ ಮೇಲೆ ಬಸಲಿಂಗಪ್ಪ ತಾನೇ ಅದಲುಬದಲು ಮಾಡಿಕೊಂಡ. ಆಮೇಲೆ ಸರಿಯಾಗಿ ಮಧ್ಯಾಹ್ನದ ಹೊತ್ತಿಗೇ ನೆಂಟರನ್ನು ಕರೆತರತೊಡಗಿದ. ಶಿವಬಸವ್ವ ಬಂದವರಿಗೆ ಚಹ ಕೊಟ್ಟು, "ನೀವು ಮಾತಾಡ್ರಿ, ನನಗ ಓದೂದೈತಿ" ಎಂದು ಎದ್ದು ಹೋದಳು. ಅನಗೋಳದ ಓಣಿಗಳಲ್ಲಿ ಆ ಮಾತು ಹಬ್ಬದ ಊಟದ ಹಾಗೆ ಹಂಚಿಹೋಯಿತು.

ಒಂದು ದಿನ ಜೋಳದ ಡಬ್ಬಿಯ ಮೇಲಿಟ್ಟಿದ್ದ ಪುಸ್ತಕವೇ ಇಲ್ಲ. ಶಿವಬಸವ್ವ ಮನೆ ಹುಡುಕಿದಳು, ಹಾಸಿಗೆ ಜಾಡಿಸಿದಳು. ರಾತ್ರಿ ಊಟದ ಹೊತ್ತಿಗೆ ಬಸಲಿಂಗಪ್ಪ ತಟ್ಟೆ ನೋಡುತ್ತ ಹೇಳಿದ.

"ಸುಹಾಸಿನಿಬಾಯಿಗೆ ಕೊಟ್ಟು ಬಂದೆ. ಓದಿ ಮುಗಿಸ್ಯಾಳ ಅಂತ ಹೇಳಿದೆ."

"ಯಾರು ಮುಗಿಸ್ಯಾರ?"

"ನೀನ. ಕೇಳಿದ ಕತೀನ ಅಲ್ಲೇನು?"

ಶಿವಬಸವ್ವ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ನನ್ನ ಹೆಸರಿಲೆ ಸುಳ್ಳ ಹೇಳಿ ಬಂದ್ರಿ?"

"ಅವ್ವಾ, ಒಂದು ಪುಸ್ತಕದ ಸಲುವಾಗಿ ಅಪ್ಪನ ಕೂಡ ಜಗಳೇನು?" ಎಂದ ಗುರುಪುತ್ರಪ್ಪ.

"ನಿನ್ನ ಅಂಗಡಿಯಾಗಿನ ಕೊಡಾ ಒಂದು ನಾ ಒಯ್ದು ಮಂದಿಗೆ ಕೊಟ್ಟು, ಗುರು ಮಾರ್‍ಯಾನ ಅಂತ ಹೇಳಿ ಬಂದ್ರ?"

"ಅದು ಬ್ಯಾರೆ."

"ಏನ ಬ್ಯಾರೆ? ಅದು ನಿಂದು, ಇದು ನಂದು. ಇಷ್ಟ ಬ್ಯಾರೆ." ಆಕೆ ಆ ರಾತ್ರಿ ಉಣ್ಣಲಿಲ್ಲ. ಸಿಟ್ಟಿಗೆ ಊಟ ಬಿಡುವವಳಲ್ಲ ಅವಳು, ಹಾಗಾಗಿ ಮನೆಯವರಿಗೂ ಅನ್ನ ಇಳಿಯಲಿಲ್ಲ.

ಮರುದಿನ ಬಿಸಿಲಿನಲ್ಲಿ ಅನಗೋಳದಿಂದ ಕೋಟೆಯವರೆಗೂ ನಡೆದೇ ಹೋದಳು. ಸುಹಾಸಿನಿ ನೀರು ಕೊಟ್ಟು, ಕೂಡಿಸಿ, ಗಾಬರಿಯಿಂದ ಕೇಳಿದಳು.

"ಅಜ್ಜಾರು ಮುಗದೈತಿ ಅಂದ್ರಲ್ಲ. ಪುಸ್ತಕ ಇನ್ನೂ ನನ್ನ ಹತ್ರನ ಅದ ತಗೋರಿ. ಕಡೀಕ ಏನಾತು ಅಂತ ಹೇಳ್ಲೇನು?"

"ಬ್ಯಾಡಾ!" ಶಿವಬಸವ್ವ ಎರಡೂ ಕಿವಿ ಮುಚ್ಚಿಕೊಂಡಳು. "ಹೇಳಾವ್ರಿಗೆ ಏನ್ ಬರಾ ಬಂದಿಲ್ಲ ನನಗ. ಪುಸ್ತಕ ಕೊಡ್ರಿ ಅಷ್ಟ."

ಅಂದಿನಿಂದ ಪುಸ್ತಕ ಆಕೆಯ ಮಡಿಲಲ್ಲೇ ಉಳಿಯಿತು. ರೊಟ್ಟಿ ಬಡಿಯುವಾಗಲೂ ಸೊಂಟಕ್ಕೆ ಸೆರಗಿನಿಂದ ಕಟ್ಟಿಕೊಂಡಿರುತ್ತಿದ್ದಳು. ಓದುವ ಗತಿಯನ್ನು ಮಾತ್ರ ಒಂದಿಷ್ಟೂ ಹೆಚ್ಚಿಸಲಿಲ್ಲ. ಹೆದರಿ ಲಗೂ ಲಗೂ ಓದಿದರೆ ಗೆದ್ದವನು ಗಂಡನೇ ಎಂದು ಆಕೆಗೆ ಗೊತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಗಾಡಿ ಬಂತು. ತುಂಗಾ ಏರಿದಳು. ಶಿವಬಸವ್ವ ಆರತಿಯ ತಟ್ಟೆಗಾಗಿ ಕಾಯುತ್ತ ಬೆರಳು ಸರಿಸಿದಳು. ಕವಲುದಾರಿ ಬಂತು. "ಎಡಕ್ಕೆ ಬೇಡ, ಸ್ಟೇಷನ್ನಿಗೆ ಹೊಡಿ" ಎಂದಳು ತುಂಗಾ. ಶಿವಬಸವ್ವ ಬೆರಳನ್ನು ಹಿಂದೆ ತಂದಳು. ಮತ್ತೆ ಕೂಡಿಸಿದಳು. ಮತ್ತೆ ಅದೇ ಬಂತು. ಹಾಳೆ ತಿರುವಿದಳು, ಎಲ್ಲಿಯೂ ಆರತಿ ಇಲ್ಲ, ಅತ್ತೆ ಇಲ್ಲ, ಅಳುವವರು ಇಲ್ಲ. ಕೊನೆಯ ಹಾಳೆಯಲ್ಲಿ ತುಂಗಾ ರೈಲಿನ ಕಿಟಕಿಯ ಬಳಿ ಕೂತು, ಬುತ್ತಿ ಬಿಚ್ಚಿ, ತಂಗಳ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ತಿನ್ನುತ್ತಿದ್ದಳು. ಅಲ್ಲಿಗೆ ಪುಸ್ತಕ ಮುಗಿದಿತ್ತು.

ಆಕೆಗೆ ಮೊದಲು ಬಂದದ್ದು ತನ್ನ ಮೇಲೇ ಅನುಮಾನ. ನಿನ್ನೆ ಮೊನ್ನೆ ಅಕ್ಷರ ಕಲಿತವಳು ತಾನು, ಎಲ್ಲಿಯೋ ತಪ್ಪು ಕೂಡಿಸಿರಬೇಕು. ಗಂಡ ಇಷ್ಟು ವರ್ಷ ಓದಿದವನು, ಆತ ತಪ್ಪುವುದುಂಟೇ? ಶಾಲೆಯಿಂದ ಬಂದ ಮೊಮ್ಮಗಳನ್ನು ಹಿಡಿದು ಕೂಡಿಸಿದಳು.

"ಇಲ್ಲಿಂದ ಓದು. ಸಾವಕಾಶ."

ಶಾಂತಾ ಗಿರಣಿಯಲ್ಲಿ ಕಾಳು ಸುರಿದ ಹಾಗೆ ಓದಿದಳು. ಅವಳು ಓದಿದಾಗಲೂ ಗಾಡಿ ಸ್ಟೇಷನ್ನಿಗೇ ಹೋಯಿತು.

ಶಿವಬಸವ್ವ ಎದ್ದು ಪಡಸಾಲೆಗೆ ಬಂದು ಪುಸ್ತಕವನ್ನು ಬಸಲಿಂಗಪ್ಪನ ಮುಂದೆ ತೆರೆದಿಟ್ಟಳು.

"ಆರತಿ ಎಲ್ಲೈತಿ ತೋರಸ್ರಿ."

"ಪತ್ರಿಕಾದಾಗ ಬ್ಯಾರೆ ಇದ್ದೀತು."

"ನನ್ನ ಮುಖಾ ನೋಡಿ ಹೇಳ್ರಿ."

ಆತ ನೋಡಲಿಲ್ಲ. ಗಡ್ಡ ಕೆರೆದುಕೊಂಡ. "ಮಗಳು ಮನ್ಯಾಗ ಕುಂತಿದ್ಲು," ಎಂದ. "ಬೀಗರು ಸಂತ್ಯಾಗ ನಿಂತು ಮಾತಾಡತಿದ್ರು. ನಾ ಏನ ಬಡದ್ನೇನು? ಬೈದ್ನೇನು? ಒಂದು ಕತಿ ಹೇಳಿದೆ. ಅಷ್ಟ."

"ಬೈದಿದ್ರ ಆಕಿ ತಿರುಗಿ ಮಾತಾಡತಿದ್ಲು. ಕತಿಗೆ ಯಾರು ತಿರುಗಿ ಮಾತಾಡತಾರ?"

"ಆಕಿ ಬಾಳೇನ ಹಾಳಾಗೈತೇನು ಈಗ? ಮಕ್ಕಳದಾವು, ಗಿರಣಿ ಐತಿ."

"ಅದು ಆಕಿ ಹೇಳೂ ಮಾತು," ಎಂದಳು ಶಿವಬಸವ್ವ. "ನೀವಲ್ಲ."

ಮರುದಿನ ಮುಂಜಾನೆ ರೊಟ್ಟಿ ಬಡಿದಿಟ್ಟು, ಭರಮವ್ವನಿಗೆ ಹೇಳಿ, ಖಾನಾಪುರದ ಬಸ್ಸು ಹಿಡಿದಳು. ಮಗ ತಡೆಯಲು ನೋಡಿದ. "ಏನಂತ ಹೊಂಟಿ ಅವ್ವಾ? ಬೀಗರ ಮನ್ಯಾಗ ಕತಿ ಹೇಳಾಕ?" "ಅಲ್ಲ. ಪುಸ್ತಕ ಕೊಡಾಕ," ಎಂದಳು.

ಗಿರಣಿ ಓಡುತ್ತಿತ್ತು. ಚಂದ್ರವ್ವನ ಹುಬ್ಬು, ರೆಪ್ಪೆ, ಮುಂಗೂದಲು ಎಲ್ಲ ಹಿಟ್ಟು ಹಿಡಿದು ಬೆಳ್ಳಗಾಗಿದ್ದವು. ಮೂವತ್ತನಾಲ್ಕರ ಮಗಳು ತಾಯಿಗಿಂತ ಮುದುಕಿಯ ಹಾಗೆ ಕಂಡಳು. ಗಂಡ ಸಿದರಾಯ ಕೆಟ್ಟವನಲ್ಲ, ತಾಯಿಯ ಮಾತಿಗೆ ಎದುರಾಡದವನು, ಅಷ್ಟೆ. ಅಂದು ಗಿರಣಿಯ ಕಲ್ಲು ಕೆತ್ತುವವನನ್ನು ಕರೆಯಲು ಹೋಗಿದ್ದ. ಹಿಂದಿನ ಹಿತ್ತಿಲಿನಲ್ಲಿ ತಾಯಿ ಮಗಳು ಕೂತರು. ಶಿವಬಸವ್ವ ಸೊಂಟದ ಗಂಟು ಬಿಚ್ಚಿ ಪುಸ್ತಕ ತೆಗೆದಳು. ತುಂಗಾಳ ಪುಸ್ತಕ ಇದು, ಅಪ್ಪ ಅಂದು ಓದಿದ ಹಾಗೆ ಇದು ಮುಗಿಯುವುದಿಲ್ಲ ಎಂದಳು.

"ಗೊತ್ತಿತ್ತವ್ವಾ," ಎಂದಳು ಚಂದ್ರವ್ವ.

"ಏನ ಗೊತ್ತಿತ್ತು?"

"ಅಪ್ಪಾ ಹಾಳಿ ತಿರುವಲಿಲ್ಲ. ನಾ ಬಾಜೂಕ ಕುಂತಿದ್ದೆ. ಗಾಡಿ ಏರಿದಳು ಅನ್ನೂದಕ್ಕ ಆ ಹಾಳಿ ಮುಗದಿತ್ತು, ತಳದಾಗ ಮುಂದಿನ ಪುಟಕ್ಕೆ ಅಂತ ಬರದಿದ್ರು. ಅಪ್ಪಾ ತಿರುವಲಾರದನ ಓದಿದ. ಗೋಡಿ ನೋಡಿ ಓದಿದ."

"ಮತ್ತ ಯಾಕ ಬಾಯಿ ಬಿಡಲಿಲ್ಲ ನೀ?"

ಚಂದ್ರವ್ವ ಕೈಯ ಹಿಟ್ಟು ಉಜ್ಜಿಕೊಂಡಳು. "ಬಿಡಬೇಕಂತ ತೆರದಿದ್ದೆ. ನಿನ್ನ ಕಡೆ ನೋಡಿದೆ. ನೀ ಸೆರಗಿಲೆ ಕಣ್ಣ ಒರಸ್ಕೊಂತ ನಗಾಕತ್ತಿದ್ದಿ. ಅಷ್ಟ ಖುಷಿಲೆ ನೀ ಅತ್ತಿದ್ದು ನಾ ಎಂದೂ ನೋಡಿದ್ದಿಲ್ಲ. ಅಪ್ಪಗ ಆದ್ರ ಅಂತಿದ್ದೆ. ನಿನಗ ಹ್ಯಾಂಗ ಅನ್ಲಿ?"

ಶಿವಬಸವ್ವ ದಾರಿಯುದ್ದಕ್ಕೂ ಗಂಡನ ಮೇಲೆ ಹೊತ್ತು ತಂದಿದ್ದ ಸಿಟ್ಟಿನಲ್ಲಿ ಅರ್ಧ ತನ್ನ ತಲೆಯ ಮೇಲೇ ಇಳಿಯಿತು. ನಿಜ, ಅತ್ತಿದ್ದಳು. ಮಗಳು ಹೊರಡುತ್ತಾಳೆ, ಮಂದಿಯ ಮಾತು ನಿಲ್ಲುತ್ತದೆ ಎಂದು ಹಗುರಾಗಿ ಅತ್ತಿದ್ದಳು. ಆ ಹೊತ್ತಿಗೆ ಅವಳಿಗೆ ತುಂಗಾ ಬೇಕಾಗಿರಲಿಲ್ಲ, ಆರತಿ ಬೇಕಾಗಿತ್ತು.

"ತಪ್ಪಾತು ತಂಗಿ," ಎಂದಳು.

"ಆಗಿದ್ದು ಆತು ಬಿಡು. ಆಮ್ಯಾಲ ಆ ಪತ್ರಿಕಾ ಹುಡುಕಿದೆ. ಅಪ್ಪಾ ಅಡ್ಡಾಕ್ಕ ಒಯ್ದಿದ್ದ. ಖರೇ ಅಂದ್ರ ತುಂಗಾಗ ಏನಾತು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಹೇಳು, ಏನಾತು?"

"ಹೇಳಂಗಿಲ್ಲ," ಎಂದಳು ಶಿವಬಸವ್ವ. "ಹೇಳಿ ಹೇಳೇ ನಿನ್ನ ಮನಿ ತೊಳದೇವಿ ನಾವು. ತಗೋ, ನೀನ ಓದು."

"ಯಾವಾಗ ಓದಲೆವ್ವಾ? ನನಗ ತಲಿ ತುರಿಸ್ಕೊಳ್ಳಾಕ ಪುರಸತ್ತಿಲ್ಲ."

ಅದಕ್ಕೆ ಸರಿಯಾಗಿ ಮುಂದಿನಿಂದ ಅತ್ತೆ ಬಸವಣ್ಣೆವ್ವನ ದನಿ ಬಂತು. "ಚಂದ್ರಾ! ಮಂದಿ ಬುಟ್ಟಿ ಹಿಡಕೊಂಡು ನಿಂತಾರ, ತಾಯಿ ಮಗಳು ಮಾತಿಗೆ ಕುಂತ್ರಿ? ಗಿರಣಿ ಯಾರು ನೋಡೂರು?"

ಚಂದ್ರವ್ವ ಏಳಲು ಹೋದಳು. ಶಿವಬಸವ್ವ ಅವಳ ಹೆಗಲು ಒತ್ತಿ ಕೂಡಿಸಿ, ತಾನು ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿದು ಮುಂದೆ ನಡೆದಳು.

"ನಾ ನೋಡತೀನಿ ಬೀಗತ್ಯಾರ. ಆಕಿಗೆ ಓದೂದೈತಿ."

"ಓದೂದಾ?" ಬಸವಣ್ಣೆವ್ವ ಎಲೆ ಅಡಿಕೆ ನುಂಗಿದಳು. "ಬೀಗತಿ ಬಂದು ನಮ್ಮ ಗಿರಣಿ ನಡಸ್ತಾಳಂದ್ರ ಮಂದಿ ಏನಂದಾರು?"

"ಹಿಟ್ಟು ಸಣ್ಣಗ ಬಂದೈತಿ ಅಂದಾರು. ಯಾರದು ಮೊದಲಿನ ಬುಟ್ಟಿ? ತರ್ರಿ ಇತ್ತ."

ಸಾಲಿನಲ್ಲಿ ನಿಂತಿದ್ದ ಹೆಂಗಸರು ನಕ್ಕರು. ನಗುವವರ ಮುಂದೆ ಜಗಳ ಮಾಡಲು ಬಸವಣ್ಣೆವ್ವನಿಗೆ ಬರಲಿಲ್ಲ. ಸಂಜೆ ಮಗ ಬಂದ ಮೇಲೆ ದೂರು ಹೇಳಿದಳು. ಸಿದರಾಯ ಒಳಗೆ ಇಣುಕಿ, ಜೋಳದ ಚೀಲಕ್ಕೊರಗಿ ಓದುತ್ತಿದ್ದ ಹೆಂಡತಿಯನ್ನು ನೋಡಿದ. ಅವಳು ತಲೆ ಎತ್ತಲಿಲ್ಲ. "ಓದಲಿ ಬಿಡಬೇ," ಎಂದ. ಮದುವೆಯಾದಂದಿನಿಂದ ಆತ ತಾಯಿಗೆ ಎದುರಾಡಿದ್ದು ಅಷ್ಟೇ, ಅದನ್ನೂ ಹೇಳಿ ಹಲ್ಲರ್‌ ಯಂತ್ರದ ಪಟ್ಟಾ ನೋಡುವ ನೆಪದಲ್ಲಿ ಹೊರಗೆ ಹೋಗಿಬಿಟ್ಟ.

ಚಂದ್ರವ್ವ ಕೊನೆಯ ಹಾಳೆಯನ್ನು ಮೊದಲು ನೋಡಲಿಲ್ಲ. ಪುಟ್ಟಿ ಹೊಸ್ತಿಲ ಮೇಲೆ ಕೂತಲ್ಲಿಂದಲೇ ಶುರು ಮಾಡಿದಳು. ಶಾಲೆ ಕಲಿತವಳು, ಬೇಕೆಂದರೆ ದೌಡಾಯಿಸಿ ಓದಬಹುದಿತ್ತು. ಓದಲಿಲ್ಲ. ಮಧ್ಯಾಹ್ನಗಳಲ್ಲಿ ತಾಯಿ ಗಿರಣಿಯ ಮುಂದೆ, ಮಗಳು ಹಿಂದೆ. ತಂಗಳ ರೊಟ್ಟಿಯ ಸಾಲು ಬಂದಾಗ "ಅವ್ವಾ, ಇಲ್ಲಿ ನೋಡಿದ್ಯಾ?" ಎಂದು ಕೂಗಿದಳು. "ನೋಡೇನಿ, ಅಲ್ಲೇ ಕುಂದ್ರು ಒಂದೀಟು," ಎಂದು ಶಿವಬಸವ್ವ ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳಿದಳು.

ಅನಗೋಳದಲ್ಲಿ ಬಸಲಿಂಗಪ್ಪ ದಾರಿ ನೋಡಿ ನೋಡಿ ಸಾಕಾದ. ಮಾತಾಡಿದರೆ ಸೊಸೆ ಬೆನ್ನು ತಿರುಗಿಸುತ್ತಾಳೆ, ಮೊಮ್ಮಗಳು "ಅಜ್ಜಾ, ನೀ ಸುಳ್ಳ ಓದಿದ್ಯಂತ" ಎಂದು ಓಣಿಯ ಹುಡುಗರ ಮುಂದೆ ಕೇಳುತ್ತಾಳೆ. ಕೊನೆಗೆ ಕುಂದಾ ಪೊಟ್ಟಣ ಕಟ್ಟಿಸಿಕೊಂಡು ಆತನೂ ಖಾನಾಪುರಕ್ಕೆ ಬಂದ. ಬಂದಾಗ ಕರೆಂಟು ಹೋಗಿ ಗಿರಣಿ ನಿಂತಿತ್ತು. ಶಿವಬಸವ್ವ ತಲೆಯಿಂದ ಕಾಲಿನವರೆಗೆ ಹಿಟ್ಟಾಗಿ ಜೋಳ ಕೇರುತ್ತಿದ್ದಳು. ಮಗಳು ಚೀಲಕ್ಕೊರಗಿದ್ದವಳು ಮುಖ ಎತ್ತಿ "ಬಾ ಅಪ್ಪಾ, ಕುಂದ್ರು" ಎಂದು ಮತ್ತೆ ಪುಸ್ತಕಕ್ಕೆ ಇಳಿದಳು. ತಂದೆ ಬಂದರೆ ಧಡಕ್ಕನೆ ಏಳುತ್ತಿದ್ದ ಮಗಳು ಅಂದು ಏಳಲಿಲ್ಲ.

ಬಸಲಿಂಗಪ್ಪ ಕಟ್ಟೆಯ ತುದಿಗೆ ಕೂತ. "ಮನಿಗೆ ಯಾವಾಗ ಬರತಿ?" ಎಂದು ಹೆಂಡತಿಯನ್ನು ಕೇಳಿದ.

"ಆಕಿ ಓದಿ ಮುಗಿಸಿದ ಮ್ಯಾಲ."

"ಎಲ್ಲೀತನಕಾ ಬಂದೈತಿ?"

"ಗಾಡಿ ಏರ್‍ಯಾಳ," ಎಂದಳು ಚಂದ್ರವ್ವ ತಲೆ ಎತ್ತದೆ.

ಶಿವಬಸವ್ವ ಜೋಳ ತುಂಬಿದ ಮೊರವನ್ನು ತಂದು ಗಂಡನ ತೊಡೆಯ ಮೇಲಿಟ್ಟಳು.

"ಏನಿದು?"

"ಜೋಳದಾಗಿನ ಹಳ್ಳು ಆರಸ್ರಿ. ಓದೂ ಮನ್ಯಾಗ ಕುಂತಾವ್ರ ಕೈ ಖಾಲಿ ಇರಬಾರ್ದಂತ ನೀವ ಹೇಳತಿದ್ರಿ."

ಆತ ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ, ಎದ್ದು ಹೋಗಲೂ ಆಗಲಿಲ್ಲ. ಚಾಳೀಸು ಸರಿಮಾಡಿಕೊಂಡು ಜೋಳದಲ್ಲಿ ಕೈಯಾಡಿಸಿದ. ಯಾರನ್ನೂ ನೋಡದೆ, ಸಣ್ಣ ದನಿಯಲ್ಲಿ ಹೇಳಿದ.

"ಸ್ಟೇಷನ್ನಿಗೆ ಹೊಡಿ ಅಂದದ್ದರ ತನಕಾ ಅವತ್ತ ಅಡ್ಡಾದಾಗ ಓದಿದ್ದೆ. ಅಲ್ಲಿಗೆ ಮುಚ್ಚಿಟ್ಟೆ. ಮುಂದಿಂದು ಓದಾಕ ಧೈರ್ಯ ಆಗಲಿಲ್ಲ. ಆಮ್ಯಾಲ ಏನಾತ ಆಕೀಗೆ?"

ಮಗಳು ಇನ್ನೂ ತಲುಪದ ಮಾತನ್ನು ಆತ ಮೊದಲೇ ಬಾಯಿಬಿಟ್ಟಿದ್ದ. ಚಂದ್ರವ್ವ ಸಾಲಿನ ಮೇಲೆ ಬೆರಳಿಟ್ಟುಕೊಂಡು ತಾಯಿಯ ಮುಖ ನೋಡಿದಳು. ಶಿವಬಸವ್ವ ಆಕೆಗೆ ಓದು ಎಂದು ಕಣ್ಣಿನಲ್ಲೇ ಸನ್ನೆ ಮಾಡಿ, ಗಂಡನ ಕಡೆ ತಿರುಗಿದಳು.

"ನಾ ಹೇಳಂಗಿಲ್ಲ. ಆಕಿದು ಮುಗದ ಮ್ಯಾಲ ಪಾಳಿ ನಿಮ್ಮದು. ಪುಟ್ಟಿ ಹೊಸ್ತಲದಾಗ ಕುಂತಲ್ಲಿಂದ ಶುರು ಮಾಡ್ರಿ. ನಡುವ ಬಿಡಂಗಿಲ್ಲ, ಗೋಡಿ ನೋಡಂಗಿಲ್ಲ."

ಬಸಲಿಂಗಪ್ಪ ಮೊರದಿಂದ ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದ. ಗಿರಣಿಯ ಮುಂದೆ ಕರೆಂಟಿಗಾಗಿ ಕಾದು ಕೂತವರೂ ಇತ್ತಲೇ ತಿರುಗಿದ್ದರು. ಚಂದ್ರವ್ವ ಬೆರಳಿಗೆ ಹತ್ತಿದ ಹಿಟ್ಟನ್ನು ಸೀರೆಗೆ ಒರೆಸಿಕೊಂಡಳು, ಹಾಳೆಯ ಮೂಲೆ ಹಿಡಿದಳು, ತಂದೆಗೆ ಕಾಣುವ ಹಾಗೆ ಎತ್ತಿ ಹಿಡಿದು ಸಾವಕಾಶ ತಿರುವಿದಳು.